ಖಿನ್ನತೆ ಅಂದ್ರೆ ಕಿಡ್ನಿದಾ?

ಸಂಪಾದಕರಿಗೆ ನಮಸ್ಕಾರ,

ನಾನು ಮುಳಬಾಗಿಲು ತಾಲೂಕಿನ ಒಂದು ಹಳ್ಳಿಲಿ ಹಾಲಿನ ಡೈರಿ ಸೆಕ್ರೆಟರಿ. ಪೇಪರ್‌ಗೆ ಬರೆಯೋದು ಇದೇ ಮೊದಲು. ತಪ್ಪಿದ್ರೆ ತಿದ್ದಿ ಹಾಕ್ಕೊಳ್ಳಿ, ಆದ್ರೆ ದಯವಿಟ್ಟು ಪುಸ್ತಕದ ಕನ್ನಡ ಮಾಡ್ಬೇಡಿ, ನನ್ನ ತಕರಾರೇ ಅದರ ಮೇಲೆ ಇರೋದು.

ಹೋದ ತಿಂಗಳು ನಮ್ಮ ಕಡೆ ಒಂದು ಹಾಲ್‌ನಲ್ಲಿ ಹಿರಿಯ ನಾಗರಿಕರಲ್ಲಿ ಖಿನ್ನತೆ ಅಂತ ಅರಿವು ಕಾರ್ಯಕ್ರಮ ಇತ್ತು. ಯಾರು ಮಾಡಿದ್ದು ಅಂತ ಹೇಳಲ್ಲ, ಉದ್ದೇಶ ಒಳ್ಳೇದೇ. ಹನ್ನೊಂದಕ್ಕೆ ಅಂತ ಹಾಕಿದ್ರು, ಶುರುವಾಗಿದ್ದು ಹನ್ನೆರಡೂವರೆಗೆ, ದೀಪ ಹಚ್ಚಿ ಶಾಲು ಹೊದಿಸಿ ಸ್ವಾಗತ ಪ್ರಾಸ್ತಾವಿಕ ಎಲ್ಲ ಮುಗಿಯೋ ಹೊತ್ತಿಗೆ ಒಂದೂಕಾಲು. ಕುರ್ಚಿ ತುಂಬಿಸೋಕೆ ಕಾಲೇಜು ಹುಡುಗ್ರನ್ನ ಕರ್ಕೊಂಡು ಬಂದಿದ್ರು. ಅರವತ್ತು ದಾಟಿದೋರು ಹನ್ನೆರಡೋ ಹದಿಮೂರೋ, ಅದ್ರಲ್ಲೂ ಇಬ್ಬರು ಸ್ಟೇಜ್ ಮೇಲೆ. ಸ್ಲೈಡ್ ಎಲ್ಲ ಇಂಗ್ಲಿಷು. ನನ್ನ ಪಕ್ಕ ಕೂತಿದ್ದ ಅಜ್ಜಿ ಅರ್ಧ ಗಂಟೆ ಸುಮ್ನೆ ಕೇಳಿಸ್ಕೊಂಡು ಆಮೇಲೆ ಮೊಣಕೈಲಿ ತಿವಿದು "ಅದೇನಪ್ಪ ಕಿನ್ನತೆ ಕಿನ್ನತೆ ಅಂತವ್ರೆ, ಕಿಡ್ನಿದಾ?" ಅಂದ್ಲು. ನಗು ಬಂತು, ಬಂದಷ್ಟೇ ಬೇಗ ಹೋಯ್ತು, ಯಾಕಂದ್ರೆ ಎರಡು ವರ್ಷದ ಹಿಂದೆ ಆ ಕಾಯಿಲೆ ನಮ್ಮನೇಲೇ ಕೂತಿತ್ತು, ನನಗೂ ಗುರುತು ಸಿಕ್ಕಿರ್ಲಿಲ್ಲ.

ಅಪ್ಪನ್ನ ಕೇಳೇ ಬರೀತಿದ್ದೀನಿ, ಹೆಸರು ಮಾತ್ರ ಹಾಕ್ಬೇಡ ಅಂದವ್ರೆ. ವಯಸ್ಸು 74. ಅಮ್ಮ ಹೋದ ಮೇಲೆ ಒಂದು ವರ್ಷ ಗಟ್ಟಿಯಾಗೇ ಇದ್ರು, ವರ್ಷದ ತಿಥಿನೂ ಅವರೇ ಮುಂದೆ ನಿಂತು ಮಾಡಿಸಿದ್ರು. ಆಮೇಲೆ ಮಂಡಿನೋವು ಜಾಸ್ತಿ ಆಯ್ತು ಅಂತ ನಾನೇ ಹಠ ಮಾಡಿ ಇದ್ದ ಎರಡು ಎಚ್‌ಎಫ್ ಹಸು ಮಾರಿಸ್ದೆ. ರೆಸ್ಟ್ ತಗೊಳ್ಲಿ ಅಂತ ನನ್ನ ಲೆಕ್ಕ. ಬೆಳಗಿನ ಜಾವ ಐದಕ್ಕೆ ಏಳೋಕೆ ಆ ಮನುಷ್ಯನಿಗೆ ಇದ್ದಿದ್ದು ಅವೆರಡು ಹಸುನೇ ಅಂತ ಆಗ ಹೊಳೀಲಿಲ್ಲ.

ಡೈರಿಲಿ ಅಪ್ಪ ಜಗಳಕ್ಕೆ ಫೇಮಸ್ಸು. ಹಾಲಿನ ಫ್ಯಾಟ್, ಅಂದ್ರೆ ಕೊಬ್ಬಿನ ಅಂಶ, 3.8 ಬಂದ್ರೆ "ನಿನ್ ಮಿಷನ್ನು ಸರಿಯಿಲ್ಲ, ನಾಲ್ಕು ಇರ್ಬೇಕು" ಅನ್ನೋರು, ಮಗ ಅಂತ ಬಿಡ್ತಿರ್ಲಿಲ್ಲ. ಹಸು ಮಾರಿದ ಮೇಲೂ ಸ್ವಲ್ಪ ದಿನ ಪಕ್ಕದ ಮನೆಯವ್ರ ಕ್ಯಾನ್ ಹಿಡ್ಕೊಂಡು ಬರೋರು. ಒಂದಿನ ಆ ಹಾಲಿಗೆ 3.1 ಬಂತು, ಚೀಟಿ ಕೊಟ್ಟೆ, ಚೀಟಿ ಕಡೆ ನೋಡ್ದೇನೇ ಮಡಚಿ ಜೇಬಿಗಿಟ್ಕೊಂಡು ಹೋದ್ರು. ಕ್ಯೂನಲ್ಲಿದ್ದೋರು "ಏನ್ ಸೆಕ್ರೆಟ್ರಿ, ನಿಮ್ಮಪ್ಪ ಸಾಧು ಆಗ್ಬಿಟ್ರಲ್ಲ" ಅಂತ ನಕ್ಕರು, ನಾನೂ ನಕ್ಕೆ. ಕಾಯಿಲೆ ಎದುರಿಗೇ ಬಂದು ನಿಂತಿತ್ತು, ನಾನು ಮುಂದಿನ ಸ್ಯಾಂಪಲ್ ತಗೊಂಡೆ.

ಆಮೇಲೆ ಗ್ಯಾಸು ಅಂದ್ರು, ಎದೆ ಉರಿ ಅಂದ್ರು, ಕೈಕಾಲು ಸೋಲು ಅಂದ್ರು. ರಾತ್ರಿ ಮೂರಕ್ಕೆ ಎದ್ದು ಜಗಲಿ ಮೇಲೆ ಕೂತಿರೋರು. ಎರಡು ಮುದ್ದೆ ಉಣ್ತಿದ್ದೋರು ಅರ್ಧ ಮುರ್ಕೊಂಡು ಸಾಕು ಅನ್ನೋರು. ಬ್ಲಡ್ಡು, ಇಸಿಜಿ, ಎಂಡೋಸ್ಕೋಪಿ, ಸ್ಕ್ಯಾನು ಎಲ್ಲ ಆಯ್ತು, ಎಲ್ಲ ನಾರ್ಮಲ್ಲು, ಹೋದಲ್ಲೆಲ್ಲ "ವಯಸ್ಸಾಯ್ತಲ್ಲ" ಅನ್ನೋ ಒಂದೇ ಮಾತು. ಒಬ್ಬರು ನಿದ್ದೆ ಮಾತ್ರೆ ಬರ್ಕೊಟ್ರು, ಅದನ್ನ ಮೆಡಿಕಲ್ ಸ್ಟೋರಿಂದ ಮತ್ತೆ ಮತ್ತೆ ತಂದು ನುಂಗಿಸ್ದೆ, ಒಂದು ರಾತ್ರಿ ಬಚ್ಚಲಿಗೆ ಹೋದೋರು ತೂರಾಡಿ ಬಿದ್ದು ಹಣೆಗೆ ನಾಲ್ಕು ಹೊಲಿಗೆ. ಅಷ್ಟೊತ್ತಿಗೆ ಮರೆವು ಬೇರೆ ಶುರುವಾಗಿತ್ತು, ನನ್ನ ಮಗಳನ್ನ ನನ್ನ ತಂಗಿ ಹೆಸರಲ್ಲಿ ಕರೆಯೋರು, ಊರೆಲ್ಲ ಅರಳು ಮರಳು ಅಂತ ತೀರ್ಮಾನ ಮಾಡ್ತು, ಮುಳಬಾಗಿಲು ಆಂಜನೇಯನಿಗೆ ಹರಕೆನೂ ಕಟ್ಟಿದ್ವಿ.

ಗುರುತು ಹಿಡಿದಿದ್ದು ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಫೈಲ್ ಪೂರ್ತಿ ನೋಡಿ ನನ್ನನ್ನ ಹೊರಗೆ ಕಳಿಸಿದ್ರು. ಬಾಗಿಲು ಹಾಕ್ಕೊಂಡು ತೆಲುಗಲ್ಲಿ ಮಾತಾಡಿದ್ರಂತೆ. ನಮ್ಮ ಕೋಲಾರ ಜಿಲ್ಲೆ ನಿಮಗೆ ಗೊತ್ತಲ್ಲ, ಸ್ಕೂಲಲ್ಲಿ ಕನ್ನಡ, ಮನೇಲಿ ತೆಲುಗು, ಸಂತೇಲಿ ಎರಡೂ ಕಲಸಿ. "ಏಮೀ ವದ್ದು ತಲ್ಲಿ" ಅಂದ್ರಂತೆ ಅಪ್ಪ, ಏನೂ ಬ್ಯಾಡ ತಾಯಿ ಅಂತ. ಎಂಟು ತಿಂಗಳಲ್ಲಿ ಏಳು ಜನಕ್ಕೆ ಹೇಳದೇ ಇದ್ದಿದ್ದು ಇಪ್ಪತ್ತು ನಿಮಿಷದಲ್ಲಿ ಬಂತು. ಥೈರಾಯ್ಡು, ಬಿ12 ಕಮ್ಮಿ ಆದ್ರೂ ಹಿಂಗೇ ಆಗುತ್ತೆ ಅಂತ ಮೊದಲು ಅವೆರಡು ಟೆಸ್ಟ್ ಮಾಡಿಸಿದ್ರು. ಇದು ಡಿಪ್ರೆಶನ್, ವಯಸ್ಸಿನ ಸಹಜ ಅಲ್ಲ, ವಾಸಿ ಆಗುತ್ತೆ, ಮರೆವೂ ಇದರಿಂದಲೇ ಇರಬಹುದು, ಮನಸ್ಸು ಸರಿಹೋದ್ರೆ ಅದೂ ಕಮ್ಮಿ ಆಗಬಹುದು ಅಂತ ಬಿಡಿಸಿ ಹೇಳಿದ್ರು. ಮಾತ್ರೆ ಸಣ್ಣ ಡೋಸಿಂದ ಶುರು, ಮಧ್ಯೆ ರಕ್ತದಲ್ಲಿ ಸೋಡಿಯಂ ನೋಡಿದ್ರು, ವಯಸ್ಸಾದವ್ರಿಗೆ ಈ ಮಾತ್ರೇಲಿ ಅದು ಕಮ್ಮಿ ಆಗಬಹುದಂತೆ. ಮೂರನೇ ವಾರಕ್ಕೆ ಏನೂ ಬದಲಾವಣೆ ಕಾಣ್ದೆ ನಾನೇ ನಿಲ್ಲಿಸೋಣ ಅಂತಿದ್ದೆ, ನಾಲ್ಕರಿಂದ ಆರು ವಾರ ಬೇಕು ಅಂತ ಫೋನಲ್ಲೇ ಬೈದ್ರು, ಒಳ್ಳೇದಾಯ್ತು ಬೈದಿದ್ದು. ಈಗ ಮುದ್ದೆ ಎರಡಕ್ಕೆ ಬಂದಿಲ್ಲ, ಒಂದೂವರೆ. ಮಗಳ ಹೆಸರು ಸರಿಯಾಗಿ ಕರೀತಾರೆ.

ಇದು ನಮ್ಮನೆ ಒಂದರ ಕತೆ ಆಗಿದ್ರೆ ಪೇಪರ್‌ಗೆ ಬರೀತಿರ್ಲಿಲ್ಲ. 2017-18ರಲ್ಲಿ ಕೇಂದ್ರ ಸರ್ಕಾರವೇ ವಯಸ್ಸಾದವರ ಮೇಲೆ ಲಾಸಿ ಅಂತ ದೊಡ್ಡ ಸರ್ವೇ ಮಾಡಿಸಿತ್ತು. ಅರವತ್ತು ದಾಟಿದೋರಲ್ಲಿ ಪ್ರಶ್ನೆ ಕೇಳಿ ನೋಡಿದಾಗ ಖಿನ್ನತೆ ಲಕ್ಷಣ ಇದ್ದಿದ್ದು 8.3 ಪರ್ಸೆಂಟ್‌ಗೆ, ಡಾಕ್ಟರು ನಂಗೆ ಖಿನ್ನತೆ ಇದೆ ಅಂದವ್ರೆ ಅಂತ ಹೇಳಿದೋರು 0.8 ಪರ್ಸೆಂಟ್. ಹತ್ತು ಜನಕ್ಕೆ ಇದ್ರೆ ಗೊತ್ತಾಗಿರೋದು ಒಬ್ಬರಿಗೆ. ಮಿಕ್ಕ ಒಂಬತ್ತು ಜನ ಎಲ್ಲಿದ್ದಾರೆ ಅಂದ್ರೆ ನಮ್ಮಪ್ಪನ ಥರ ಗ್ಯಾಸ್ ಮಾತ್ರೆ ನುಂಗ್ಕೊಂಡು ಜಗಲಿ ಮೇಲೆ ಕೂತವ್ರೆ.

ಅವ್ರ್ಯಾರೂ ನಂಗೆ ಖಿನ್ನತೆ ಅನ್ನಲ್ಲ. ಯಾಕೋ ಬೇಜಾರು, ಮೈಯೆಲ್ಲ ಭಾರ, ಜೀವಕ್ಕೆ ಸಮಾಧಾನ ಇಲ್ಲ, ಯಾತರ ಮೇಲೂ ಆಸೆ ಇಲ್ಲ ಅಂತಾರೆ. ಕೆಜಿಎಫ್ ಕಡೆ ಹೋದ್ರೆ ಇದನ್ನೇ ತಮಿಳಲ್ಲಿ ಅಂತಾರೆ, ಗಣಿ 2001ರಲ್ಲಿ ಮುಚ್ಚಿದಾಗ ಕೆಲಸ ಕಳ್ಕೊಂಡೋರು ಎಷ್ಟೋ ಜನ ಈಗ ವಯಸ್ಸಾಗಿ ಕೂತವ್ರೆ. ಬ್ಯಾನರ್ ಹಾಕೋರು ಮೊದಲು ಈ ಮಾತುಗಳನ್ನ ಪಟ್ಟಿ ಮಾಡ್ಲಿ.

ಪ್ರಶ್ನೆ ಹೊಸದಾಗಿ ಕಂಡುಹಿಡೀಬೇಕಾಗೂ ಇಲ್ಲ. ಮೂವತ್ತು ದಾಟಿದ ಎಲ್ರಿಗೂ ಆಶಾ ಕಾರ್ಯಕರ್ತೆಯರು ಒಂದು ಚೆಕ್‌ಲಿಸ್ಟ್ ಫಾರಂ ತುಂಬ್ತಾರೆ, ಬೀಡಿ ಸೇದ್ತೀರಾ, ಸೊಂಟದ ಸುತ್ತಳತೆ ಎಷ್ಟು ಅಂತೆಲ್ಲ ಇರುತ್ತಲ್ಲ, ಅದ್ರಲ್ಲೇ ಎರಡು ಪ್ರಶ್ನೆ ಇದೆ: ಕಳೆದ ಎರಡು ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ ಸಂತೋಷ ಕಮ್ಮಿ ಆಗಿದೆಯಾ, ಮನಸ್ಸು ಕುಗ್ಗಿ ಹತಾಶೆ ಅನ್ನಿಸಿದೆಯಾ. ಅಂಕ ಮೂರು ದಾಟಿದ್ರೆ ಮುಂದಕ್ಕೆ ಕಳಿಸ್ಬೇಕು. ಆದ್ರೆ ಅದನ್ನ ಸೊಸೆ ಎದುರಿಗೆ, ಟಿವಿ ಓಡ್ತಿರೋವಾಗ, ಹತಾಶೆ ಅನ್ನೋ ಪದ ಹಾಕಿ ಕೇಳಿದ್ರೆ ಯಾವ ಅತ್ತೆ "ಹೂಂ" ಅಂತಾಳೆ ಹೇಳಿ. "ಚೆನ್ನಾಗಿದ್ದೀನಿ ಕಣಮ್ಮ, ಕಾಫಿ ಕುಡಿ" ಅಂತಾಳೆ, ಸೊನ್ನೆ ಬೀಳುತ್ತೆ. ಆಶಾಗಳನ್ನ ದೂರ್ತಿಲ್ಲ, ಅವ್ರ ಹೆಗಲ ಮೇಲಿರೋ ಫಾರಂ ಲೆಕ್ಕ ಇಟ್ರೆ ಅವ್ರಿಗೇ ಮೊದಲು ಡಾಕ್ಟರು ಬೇಕು. ನನ್ನ ಕೋರಿಕೆ ಇಷ್ಟೇ, ಆ ಎರಡು ಪ್ರಶ್ನೆನ ನಮ್ಮ ಕಡೆ ಮಾತಲ್ಲಿ ಕೇಳೋದು ಹೆಂಗೆ, ಬೇರೆ ಯಾರೂ ಇಲ್ದಾಗ ಕೇಳೋದು ಹೆಂಗೆ, ಉತ್ತರಕ್ಕೆ ಎಷ್ಟು ಹೊತ್ತು ಕಾಯ್ಬೇಕು ಅಂತ ಟ್ರೇನಿಂಗ್ ಕೊಡಿ. ಗೃಹ ಆರೋಗ್ಯ ಯೋಜನೆ 2024ರಲ್ಲಿ ನಮ್ಮ ಕೋಲಾರದಿಂದಲೇ ಶುರುವಾಗಿದ್ದು, ಮನೆ ಬಾಗಿಲಿಗೇ ಬಂದು ಬೀಪಿ ಶುಗರ್ ನೋಡೋ ಯೋಜನೆ. ಬೀಪಿ ಪಟ್ಟಿ ಬಿಚ್ಚೋ ಹೊತ್ತಲ್ಲಿ "ತಾತ, ಹೋದ ವರ್ಷ ಇಷ್ಟಪಟ್ಟು ಮಾಡ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಾ?" ಅಂತ ಕೇಳಿದ್ರೆ ಸಾಕು, ನಮ್ಮಪ್ಪ ಆಗಿದ್ರೆ ಹಸು ವಿಷಯಕ್ಕೆ ಬಂದೇ ಬರ್ತಿದ್ರು.

ಇನ್ನು ಡೈರಿ. ಇದು ನನ್ನ ಸ್ವಂತ ಐಡಿಯಾ, ನಗಬೇಡಿ. ಹಳ್ಳೀಲಿ ವಯಸ್ಸಾದವ್ರು ದಿನಕ್ಕೆರಡು ಸಲ ತಪ್ಪದೇ ಬರೋ ಜಾಗ ಆಸ್ಪತ್ರೆ ಅಲ್ಲ, ಪಂಚಾಯ್ತಿ ಅಲ್ಲ, ಡೈರಿ. ವಯಸ್ಸಿನ ಮಕ್ಕಳು ಬೆಳಗ್ಗೆನೇ ನರಸಾಪುರದ ಕಂಪನಿ ಬಸ್ಸು ಹತ್ತಿರ್ತಾರೆ, ಇಲ್ಲ ಬಂಗಾರಪೇಟೆಗೆ ಹೋಗಿ ಬೆಂಗಳೂರಿನ ಟ್ರೈನು ಹಿಡ್ದಿರ್ತಾರೆ, ಹಾಲು ಹಿಡ್ಕೊಂಡು ಬರೋದು ತಾತ ಅಜ್ಜೀನೇ. ಯಾರು ಬಂದ್ರು, ಎಷ್ಟು ಲೀಟರ್ ಅಂತ ನನ್ನ ಹತ್ರ ಎರಡು ಹೊತ್ತಿನ ಲೆಕ್ಕ ಇರುತ್ತೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಕೈಗೆ ಕೊಡ್ತಿದ್ದ ಕಾಲದಲ್ಲಿ ಒಂದು ಗಂಟೆ ಕಟ್ಟೆ ಮೇಲೆ ಕೂತು ಹರಟೆ ಹೊಡೆಯೋರು, ಈಗ ದುಡ್ಡು ಸೀದಾ ಅಕೌಂಟಿಗೆ ಹೋಗುತ್ತೆ, ಲೆಕ್ಕ ಚೊಕ್ಕ ಆಯ್ತು, ಕಟ್ಟೆ ಖಾಲಿ ಆಯ್ತು. ನಾವು ಈಗ ಮಾಡ್ತಿರೋದು ಏನಂದ್ರೆ, ಹಾಲು ಇದ್ದೂ ಮೂರು ದಿನ ಮೊಮ್ಮಗನ ಕೈಲೇ ಬಂತು ಅಂದ್ರೆ ನಾನೋ ಟೆಸ್ಟರ್ ಹುಡುಗನೋ ಮನೆ ಹತ್ರ ಹೋಗಿ ಮಾತಾಡಿಸ್ಕೊಂಡು ಬರ್ತೀವಿ. ಐದು ತಿಂಗಳಲ್ಲಿ ಹಂಗೆ ಹೋಗಿದ್ದು ಹದಿನಾಲ್ಕು ಮನೆಗೆ. ಹೆಚ್ಚಿನೋರಿಗೆ ಬರೀ ಜ್ವರ, ಕಾಲುನೋವು. ಒಬ್ಬರಿಗೆ ಕಿವಿ ಪೂರ್ತಿ ಹೋಗಿತ್ತು, ಮಾತು ಕೇಳಿಸಲ್ಲ ಅಂತ ನಾಚ್ಕೊಂಡು ಮನೇಲೇ ಕೂತಿದ್ರು, ಜನರಿಂದ ಹಂಗೆ ದೂರ ಆಗ್ತಾ ಆಗ್ತಾನೂ ಮನಸ್ಸು ಕುಸಿಯುತ್ತಂತೆ. ಇಬ್ಬರನ್ನ ಡಾಕ್ಟರ ಹತ್ರ ಕಳಿಸಿದ್ವಿ. ಜಿಲ್ಲೆಯ ಎಲ್ಲಾ ಡೈರಿ ಸೆಕ್ರೆಟರಿಗಳಿಗೆ ಒಂದು ದಿನದ ಟ್ರೇನಿಂಗ್ ಕೊಟ್ರೆ ಆಗುತ್ತೆ, ಹಸುಗೆ ಕೆಚ್ಚಲು ಬಾವು ಬಂದ್ರೆ ಗುರ್ತು ಹಿಡಿಯೋದು ನಮಗೆ ಹೇಳ್ಕೊಟ್ಟಿಲ್ವಾ.

ಎಲ್ಲಿಗೆ ಕಳಿಸೋದು ಅಂತ ಕೇಳೋರಿಗೆ. 14416 ಟೆಲಿಮಾನಸ್, ಮನಸ್ಸಿನ ಕಾಯಿಲೆಗೆ ಅಂತ ಇರೋ ಸರ್ಕಾರದ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲಿ ಮಾತಾಡಬಹುದು, ಬಟನ್ ಫೋನಿಂದಲೂ ಆಗುತ್ತೆ, ಕಾಯಿಲೆ ಇರೋರೇ ಮಾಡ್ಬೇಕು ಅಂತಿಲ್ಲ, ಮಕ್ಕಳು ಮಾಡಿ ಕೇಳಬಹುದು. ಮನೆಯವ್ರೇ ನೋಡ್ಕೊಳ್ತಿಲ್ಲ, ಪಿಂಚಣಿ ನಿಂತಿದೆ ಅನ್ನೋ ಥರದ್ದಕ್ಕೆ ಹಿರಿಯರ ಸಹಾಯವಾಣಿ 14567. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅನ್ನೋ ಕಾರ್ಯಕ್ರಮ ರಾಜ್ಯದಲ್ಲಿದೆ, ನಿಮ್ಮ ಆಸ್ಪತ್ರೇಲಿ ಕೇಳಿ. ಮನಸ್ಸಿನ ಕಾಯಿಲೆಗೆ ಊರ ಆಸ್ಪತ್ರೇಲೇ ಔಷಧಿ ಕೊಡಬಹುದು ಅಂತ 80ರ ದಶಕದಲ್ಲಿ ಇಡೀ ದೇಶಕ್ಕೆ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ, ಅದನ್ನ ನೋಡೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿದ್ದು. ನಿಮ್ಹಾನ್ಸ್‌ಗೆ ಆ ಹೆಸರು ಬಂದು, ಅಂದ್ರೆ 1974ರಿಂದ, ಐವತ್ತು ವರ್ಷ ದಾಟ್ತು, ನಮ್ಮೂರಲ್ಲಿ ಇನ್ನೂ ಅದು ಹುಚ್ಚಾಸ್ಪತ್ರೆನೇ. ಅಪ್ಪನ ಮಾತ್ರೆ ಚೀಟಿ ನೋಡಿ ಒಬ್ಬ ನೆಂಟರು "ತಲೆ ಡಾಕ್ಟ್ರಾ?" ಅಂತ ದನಿ ತಗ್ಗಿಸಿ ಕೇಳಿದ್ರು. ಬೀಪಿ ಮಾತ್ರೆ ಡಬ್ಬ ಅವ್ರ ಜೇಬಲ್ಲೇ ಇತ್ತು.

ಇನ್ನೊಂದು ಮಾತು, ಇದನ್ನ ಹಗುರ ಮಾಡ್ಬೇಡಿ. "ಸಾಕಪ್ಪ, ದೇವ್ರು ಕರ್ಕೊಂಡ್ರೆ ಸಾಕು" ಅಂತ ವಯಸ್ಸಾದವ್ರು ಅಂದಾಗ ನಾವು "ಸುಮ್ನಿರಜ್ಜಿ" ಅಂತ ತಮಾಷೆ ಮಾಡ್ತೀವಿ. ಎಲ್ರೂ ಸಾಯೋ ಯೋಚನೆಯಿಂದಲೇ ಹಂಗೆ ಅಂತಾರೆ ಅಂತಲ್ಲ. ಆದ್ರೆ ಊಟ ನಿದ್ದೆ ಬಿಟ್ಟಿರೋರು ಹಂಗೆ ಅಂದ್ರೆ ಪಕ್ಕ ಕೂತು ನೇರವಾಗಿ ಕೇಳಿ, ಸಾಯೋಣ ಅನ್ನಿಸ್ತಿದೆಯಾ ಅಂತ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅನ್ನೋದು ಸುಳ್ಳು, ಕೇಳಿದ್ರೆ ಭಾರ ಇಳಿಯುತ್ತೆ. ಹೂಂ ಅಂದ್ರೆ ಒಬ್ಬರನ್ನೇ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟೊಮೇಟೊಗೆ ಹೊಡೆಯೋ ಔಷಧಿನ ಮನೇಲಿಡ್ಬೇಡಿ, ಬೇರೆ ಕಡೆ ಬೀಗ ಹಾಕಿಡಿ.

ಅಕ್ಟೋಬರ್ 1 ಹಿರಿಯರ ದಿನ, 10 ಮಾನಸಿಕ ಆರೋಗ್ಯ ದಿನ. ಶಾಲು ತರೋ ದುಡ್ಡಲ್ಲಿ ಈ ಸಲ ಊರೂರಿನ ಡೈರಿ ಗೋಡೆಗೆ ಬಣ್ಣ ಹೊಡೆಸಿ ಅಂತ ನಾನು ಹೇಳೋದು. ನಮ್ಮ ಡೈರಿ ಗೋಡೆಗೆ ಫ್ಯಾಟ್ ರೇಟಿನ ಬೋರ್ಡ್ ಪಕ್ಕ ಸಹಾಯವಾಣಿ ನಂಬರ್ ಬರೆಯೋಕೆ ಪೇಂಟರ್‌ಗೆ ಭಾನುವಾರ ಬಾ ಅಂದಿದ್ದೀನಿ. ಮೇಲೆ ಏನು ಬರೆಸೋದು ಅಂತ ಅಪ್ಪನ್ನ ಕೇಳ್ದೆ. ಖಿನ್ನತೆ ಅಂತ ಬೇಡ, "ಏನೂ ಬ್ಯಾಡ ಅನ್ನಿಸ್ತಾ ಐತಾ?" ಅಂತ ಬರೆಸು, ಕೆಳಗೆ ತೆಲುಗು ಮಾತನ್ನೂ ಕನ್ನಡ ಅಕ್ಷರದಲ್ಲೇ ಹಾಕ್ಸು, ನಂಬರ್ ದೊಡ್ಡದಾಗಿರ್ಲಿ, ನಮಗೆಲ್ಲ ಪೊರೆ ಬಂದೈತೆ, ಕಾಣಲ್ಲ ಅಂದ್ರು.

ಇತಿ,
ಒಬ್ಬ ಡೈರಿ ಸೆಕ್ರೆಟರಿ,
ಮುಳಬಾಗಿಲು ತಾಲೂಕು, ಕೋಲಾರ ಜಿಲ್ಲೆ