ಮಂಜುಗಡ್ಡೆ ಬೆಳೆಯುವ ರೈತರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಸೋಮು,

ಹೆಪ್ಪುಗಟ್ಟಿದ ಜಲಪಾತ ಹತ್ತುವಾಗ ಭಯ ಆಗಲಿಲ್ವಾ ಅಂತ ನೀನು ಫೋನಿನಲ್ಲಿ ಕೇಳಿದೆ. ಆಯಿತು. ಆದರೆ ಮಂಡ್ಯಕ್ಕೆ ಬಂದಾಗಿನಿಂದ ನಿನಗೆ ಹೇಳಬೇಕು ಅಂತ ಕಾಯುತ್ತಿರುವುದು ಬೇರೆ ವಿಷಯ.

ನಾನು ಹತ್ತಿದ್ದು ಅಮೆರಿಕದ ಕೊಲೊರಾಡೊದ ಯೂರೇಯಲ್ಲಿ. ಅದು ಹಳೆಯ ಗಣಿ ಊರು. ಪಕ್ಕದಲ್ಲೇ ಅನ್‌ಕಂಪಾಗ್ರೆ ನದಿಯ ಕಿರಿದಾದ ಕಮರಿ. ಅದರ ಅಂಚಿನಲ್ಲಿ ಜಲವಿದ್ಯುತ್ ಕೇಂದ್ರಕ್ಕೆ ನೀರು ಒಯ್ಯುವ ದಪ್ಪ ಪೈಪು. ನೋಡಿದ ಕೂಡಲೇ ನಮ್ಮ ಶಿವನಸಮುದ್ರ ನೆನಪಾಯಿತು. 1902ರಲ್ಲಿ ಅಲ್ಲಿಂದ ಕರೆಂಟು ಹೋಗಿದ್ದೂ ಕೋಲಾರದ ಚಿನ್ನದ ಗಣಿಗೇ ಅಲ್ವಾ? ಯೂರೇ ಪೈಪು ಸೋರುತ್ತಿತ್ತಂತೆ. ಸೋರಿದ ನೀರು ಬಂಡೆ ಮೇಲೇ ಹೆಪ್ಪುಗಟ್ಟಿತು. ಹತ್ತುವವರು ಬಂದರು. 1990ರ ದಶಕದಲ್ಲಿ ಅದೇ ಮಂಜುಗಡ್ಡೆ ಹತ್ತುವವರ ಪಾರ್ಕ್ ಆಯಿತು. ಈಗ ಕಮರಿಯ ಉದ್ದಕ್ಕೂ ಪೈಪು ಎಳೆದು, ಸ್ಪ್ರಿಂಕ್ಲರ್ ಇಟ್ಟು, ಚಳಿ ರಾತ್ರಿಗಳಲ್ಲಿ ನೀರು ಬಿಡುತ್ತಾರೆ.

ಆ ಕೆಲಸದವರನ್ನು ಏನಂತಾರೆ ಗೊತ್ತಾ? ಐಸ್ ಫಾರ್ಮರ್. ಮಂಜುಗಡ್ಡೆಯ ರೈತರು! ಚಳಿ ಎಷ್ಟಿದೆ ನೋಡಿಕೊಂಡು ನಲ್ಲಿ ತಿರುಗಿಸಬೇಕು. ನೀರು ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ನಡುರಾತ್ರಿ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡಿದು ಪಂಪ್‌ಸೆಟ್ಟಿಗೆ ಓಡುವ ಅಪ್ಪ ಕಣ್ಣ ಮುಂದೆ ಬಂದರು. ಅಷ್ಟು ದೂರ ಹೋಗಿ ನಮ್ಮ ಗದ್ದೆ ನೆನೆದು ಗಂಟಲು ಕಟ್ಟಿತು ಕಣೋ.

ಇನ್ನು ಹತ್ತಿದ್ದು. ಮೇಲಿನಿಂದ ಹಗ್ಗ, ಬೂಟಿಗೆ ಮುಳ್ಳಿನ ಕ್ರ್ಯಾಂಪಾನ್, ಎರಡು ಕೈಗೂ ಐಸ್ ಕೊಡಲಿ. ಮೊದಲು ಬಲವೆಲ್ಲ ಹಾಕಿ ಹೊಡೆದೆ. ತಟ್ಟೆಯಗಲದ ಚೂರು ಎದ್ದು ಹೆಲ್ಮೆಟ್ಟಿಗೆ ಬಡಿಯಿತು. ಅಜ್ಜಿ ಅಚ್ಚುಬೆಲ್ಲ ಒಡೆಯುತ್ತಿದ್ದರಲ್ಲ, ಹಾಗೆ ಮಣಿಕಟ್ಟಿನಿಂದ ಒಂದೇ ಪೆಟ್ಟು ಸಾಕು. ಸರಿಯಾಗಿ ಕಚ್ಚಿದರೆ ಥಕ್ ಅನ್ನುತ್ತದೆ. ಒಳಗೆ ಪೊಳ್ಳಿದ್ದರೆ ಖಾಲಿ ಬಿಂದಿಗೆಯ ಸದ್ದು. ಆಮೇಲೆ ಎಲ್ಲ ಕಾಲಿನದೇ ಕೆಲಸ. ಹಿಮ್ಮಡಿ ಎತ್ತಿದರೆ ಮುಂದಿನ ಮುಳ್ಳು ಕಿತ್ತುಬರುತ್ತದೆ. ಕುಂತಿಬೆಟ್ಟದಲ್ಲಿ "ಕಾಲು ನಂಬೋ" ಅಂತ ನೀನು ಕೂಗುತ್ತಿದ್ದುದು ಅಲ್ಲಿಯೂ ಕೇಳಿಸಿತು.

ಮೇಲೆತ್ತಿದ ಕೈ ಮರಗಟ್ಟುತ್ತದೆ. ಇಳಿದ ಮೇಲೆ ರಕ್ತ ವಾಪಸ್ ಬರುವಾಗಿನ ನೋವಿಗೆ ನಿಜವಾಗಿ ಅತ್ತುಬಿಟ್ಟೆ. ಆದರೂ ಅರ್ಧ ದಾರಿಯಲ್ಲಿ ನಿಂತು ಕಿವಿ ಇಟ್ಟಾಗ ಮಂಜುಗಡ್ಡೆಯ ಹಿಂದೆ ನೀರು ಹರಿಯುತ್ತಿತ್ತು. ಆ ಸದ್ದು ನಿನಗೂ ಕೇಳಿಸಬೇಕಿತ್ತು.

ಇವತ್ತು ರಾತ್ರಿ ನಾಲೆ ನೀರು ನಮ್ಮ ಸರದಿ. ಅಪ್ಪ ಆಗಲೇ ಗುದ್ದಲಿ ತೆಗೆದಿದ್ದಾರೆ, ನಾನೂ ಹೊರಡುತ್ತೇನೆ. ಭಾನುವಾರ ಬೆಳಗ್ಗೆ ಮೈಸೂರಿನಿಂದ ಬೇಗ ಬಾ. ಹಗ್ಗ ನಾನು ತರುತ್ತೇನೆ.

ನಿನ್ನ,
ಮಂಜು