ಆಯುಧಪೂಜೆಗೆ ಬರೆದುಕೊಟ್ಟ ಮಾತು

ಶಿರಸಿ
ನವೆಂಬರ್ 2025

ಪ್ರೀತಿಯ ಗೆಳೆಯನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರು. ಕಾರಿನ ಸರ್ವಿಸ್ ವಿಷಯವನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ನೀನೂ ನನ್ನ ಮಾತು ಕೇಳಿ ಹುಬ್ಬಳ್ಳಿಯ ಅದೇ ಶೋರೂಮಿನಲ್ಲಿ, ನನಗಿಂತ ಮೂರು ವಾರ ತಡವಾಗಿ ದೀಪಾವಳಿಗೆ ಕಾರು ತೆಗೆದುಕೊಂಡವನು. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಕ್ರಮವಾಗಿ ತಿಳಿಸುವುದು ನನ್ನ ಹೊಣೆ ಎಂದುಕೊಂಡಿದ್ದೇನೆ. ಆ ವರ್ಷದ ಹಬ್ಬದ ಕೊಡುಗೆಯಲ್ಲಿ ಕಾರು ಕೊಂಡ ಬೇರೆಯವರಿಗೂ ಉಪಯೋಗವಾಗಲಿ ಎಂದು ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ದೂರು ಇತ್ಯರ್ಥವಾಗುವವರೆಗೆ ಶೋರೂಮಿನ ಹೆಸರನ್ನು ಮಾತ್ರ ಬರೆಯುವುದಿಲ್ಲ.

2022ರ ಆಯುಧಪೂಜೆಗೆ ನಾಲ್ಕು ದಿನ ಮೊದಲು ನಾನು ಬುಕಿಂಗ್ ಮಾಡಿದ್ದು ನಿನಗೆ ಗೊತ್ತು. ಅಡಿಕೆ ಮಾರಿದ ಹಣದ ಜೊತೆಗೆ ಬ್ಯಾಂಕಿನ ಸಾಲ ಸೇರಿಸಿ ಕೊಂಡ ಕಾರು ಅದು. ನೋಂದಣಿ, ವಿಮೆ ಎಲ್ಲ ಸೇರಿ 9 ಲಕ್ಷ 40 ಸಾವಿರ ರೂಪಾಯಿ. ಬೆಲೆ ಚೌಕಾಸಿಯ ಕೊನೆಯಲ್ಲಿ ಸೇಲ್ಸ್ ಹುಡುಗ ತನ್ನ ಮ್ಯಾನೇಜರನ್ನು ಕೇಳಿಕೊಂಡು ಬಂದು ನನ್ನ ಮುಂದೆ ಎರಡು ಆಯ್ಕೆಗಳನ್ನಿಟ್ಟ. 18,000 ರೂಪಾಯಿ ನಗದು ರಿಯಾಯಿತಿ ತೆಗೆದುಕೊಳ್ಳಬಹುದು. ಅದು ಬೇಡವಾದರೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಸಹಿತವಾಗಿ ಐದು ವರ್ಷದ ಉಚಿತ ಸರ್ವಿಸ್ ತೆಗೆದುಕೊಳ್ಳಬಹುದು. ನಾನು ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆ. ಮೊದಲ ವರ್ಷ ಬಿಟ್ಟರೂ ಮುಂದಿನ ನಾಲ್ಕು ಸರ್ವಿಸ್‌ಗಳಿಗೆ ಐದೈದು ಸಾವಿರವಾದರೂ ಆಗುತ್ತದೆ, ವರ್ಷ ಹೋದಂತೆ ಆಯಿಲ್ ದರವೂ ಏರುತ್ತದೆ ಎಂದು ಎರಡನೆಯದನ್ನೇ ಆರಿಸಿಕೊಂಡೆ. ಬಾಯಿಮಾತಿಗೆ ಬಿಡದೆ ಕೊಟೇಶನ್ನಿನ ಹಿಂಬದಿಯಲ್ಲಿ ಬರೆಸಿಕೊಂಡೆ. "ನಗದು ರಿಯಾಯಿತಿ ಬದಲಿಗೆ 5 ವರ್ಷ ಉಚಿತ ಸರ್ವಿಸ್, ಆಯಿಲ್ ಮತ್ತು ಫಿಲ್ಟರ್ ಸಹಿತ" ಎಂದು ಬರೆದು, ಕೆಳಗೆ ಸಹಿ ಹಾಕಿ, ಶೋರೂಮಿನ ದುಂಡನೆಯ ಸೀಲು ಒತ್ತಿದ್ದಾರೆ.

ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಶೋರೂಮಿನವರು ಈಗ ಕಲಸಿ ಹಾಕುತ್ತಿರುವುದು ಇದನ್ನೇ. ಕಾರು ತಯಾರಿಸಿದ ಕಂಪನಿ ಕೊಡುವ ಉಚಿತ ಸರ್ವಿಸ್ ಬೇರೆ, ಡೀಲರು ತಾನಾಗಿ ಕೊಡುವುದು ಬೇರೆ. ಕಂಪನಿಯವು ನಮ್ಮ ಕಾರಿಗೆ ಮೂರು. ಮೊದಲನೆಯದು ಸಾವಿರ ಕಿಲೋಮೀಟರಿಗೋ ಒಂದು ತಿಂಗಳಿಗೋ, ಎರಡನೆಯದು 5,000 ಕಿಲೋಮೀಟರಿಗೋ ಆರು ತಿಂಗಳಿಗೋ, ಮೂರನೆಯದು 10,000 ಕಿಲೋಮೀಟರಿಗೋ ಒಂದು ವರ್ಷಕ್ಕೋ, ಯಾವುದು ಮೊದಲು ಬರುತ್ತದೋ ಅದಕ್ಕೆ. ಅವುಗಳಲ್ಲಿ ಉಚಿತವಾಗಿರುವುದು ಲೇಬರ್ ಚಾರ್ಜ್ ಮಾತ್ರ. ಆಯಿಲ್, ಫಿಲ್ಟರ್‌ಗಳ ಹಣವನ್ನು ಕೊಂಡವನೇ ಕೊಡಬೇಕು. ನನಗೆ ಬರೆದುಕೊಟ್ಟದ್ದು ಅದಲ್ಲ. ಕಂಪನಿಯ ಪುಸ್ತಕದಲ್ಲಿ ಅದು ಇಲ್ಲ, ಇರಬೇಕಾಗಿಯೂ ಇಲ್ಲ. ಅದು ಡೀಲರು ನನ್ನ 18,000 ರೂಪಾಯಿಯನ್ನು ತನ್ನಲ್ಲಿ ಉಳಿಸಿಕೊಂಡು, ಅದರ ಬದಲಿಗೆ ಮಾರಿದ ಸೇವೆ. ಹೆಸರು ಉಚಿತ ಎಂದಿದ್ದರೂ ನಾನು ಅದರ ಬೆಲೆಯನ್ನು ಮೊದಲೇ ತೆತ್ತಿದ್ದೇನೆ. ನನ್ನ ಇಡೀ ತಕರಾರು ನಿಂತಿರುವುದು ಇದರ ಮೇಲೆ.

ಮೊದಲ ವರ್ಷ ತೊಂದರೆಯಾಗಲಿಲ್ಲ. 2024ರ ಅಕ್ಟೋಬರಿನ ಸರ್ವಿಸ್‌ನಲ್ಲಿಯೂ ಆಯಿಲ್, ಫಿಲ್ಟರ್, ಲೇಬರ್ ಮೂರನ್ನೂ ಬಿಲ್ಲಿನಲ್ಲಿ ತೋರಿಸಿ, ಎದುರಿಗೆ ನೂರಕ್ಕೆ ನೂರು ರಿಯಾಯಿತಿ ಎಂದು ಮುದ್ರಿಸಿ, ಕೊಡಬೇಕಾದ ಮೊತ್ತ ಸೊನ್ನೆ ಎಂದು ಕೊಟ್ಟರು. ಆ ಬಿಲ್ಲನ್ನು ನಾನು ಎಸೆಯದೆ ಇಟ್ಟುಕೊಂಡದ್ದು ಈಗ ಕೈಹಿಡಿದಿದೆ.

ಈ ವರ್ಷ ಅಕ್ಟೋಬರಿನಲ್ಲಿ ಬೆಳಿಗ್ಗೆ ಬೇಗ ಹೊರಟು, ನೂರು ಕಿಲೋಮೀಟರ್ ಹೋಗಿ ಕಾರು ಒಪ್ಪಿಸಿದೆ. ಜಾಬ್ ಕಾರ್ಡ್ ಬರೆಯುವಾಗಲೇ ಕೊಟೇಶನ್ನಿನ ಪ್ರತಿ ತೋರಿಸಿದ್ದೆ. ಸರ್ವಿಸ್ ಅಡ್ವೈಸರ್ ನೋಡಿ ತಲೆಯಾಡಿಸಿದ್ದ. ಸಂಜೆ ಕೈಗೆ ಕೊಟ್ಟದ್ದು 6,480 ರೂಪಾಯಿಯ ಬಿಲ್ಲು. ಸಿಸ್ಟಮ್‌ನಲ್ಲಿ ಇಂಥ ಯೋಜನೆಯೇ ತೋರಿಸುವುದಿಲ್ಲ, ಬರೆದುಕೊಟ್ಟ ಹುಡುಗ ಕೆಲಸ ಬಿಟ್ಟಿದ್ದಾನೆ, ಆಡಳಿತ ಬದಲಾಗಿದೆ, ಹಳಬರು ಕೊಟ್ಟ ಮಾತಿಗೆ ನಾವು ಜವಾಬ್ದಾರರಲ್ಲ ಎಂದು ಮೂರು ಜನ ಮೂರು ಮೇಜುಗಳಲ್ಲಿ ಹೇಳಿದರು. ಹಣ ಕಟ್ಟದೆ ಕೀಲಿ ಕೈಗೆ ಬರುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರಬೇಕಾದ ಅಮ್ಮ ಮಧ್ಯಾಹ್ನದಿಂದ ಅಲ್ಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಯುತ್ತಿದ್ದಳು. ಕೊನೆಗೆ ಹಣ ಕಟ್ಟಿದೆ. ಆದರೆ ಅವರ ಬಳಿ ಉಳಿಯುವ ಪ್ರತಿಯ ಮೇಲೂ ನನ್ನ ಪ್ರತಿಯ ಮೇಲೂ "ಲಿಖಿತ ಒಪ್ಪಂದಕ್ಕೆ ವಿರುದ್ಧವಾದ ಈ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬರೆದು ಸಹಿ ಮಾಡಿದೆ. ಸೇವೆ ತೃಪ್ತಿಕರ ಎಂಬ ಚೀಟಿಗೆ ಸಹಿ ಹಾಕಲಿಲ್ಲ.

ಹೊರಗಿನ ಗ್ಯಾರೇಜಿಗೆ ಒಯ್ಯಬಹುದಿತ್ತಲ್ಲ ಎಂದು ನೀನು ಫೋನಿನಲ್ಲಿ ಕೇಳಿದೆ. ಹಣ ಕೊಟ್ಟು ಐದು ವರ್ಷಕ್ಕೆ ವಿಸ್ತರಿಸಿಕೊಂಡ ವಾರಂಟಿ ನಿಲ್ಲಬೇಕಾದರೆ ಕಂಪನಿಯ ಅಧಿಕೃತ ಕೇಂದ್ರದಲ್ಲಿಯೇ, ಹೊತ್ತಿಗೆ ಸರಿಯಾಗಿ ಸರ್ವಿಸ್ ಆಗಿರಬೇಕೆಂಬ ಷರತ್ತಿದೆ. ಕಟ್ಟಿಹಾಕಿದ್ದು ಅವರೇ, ಹಗ್ಗ ಹಿಡಿದು ಜಗ್ಗುವುದೂ ಅವರೇ. ಹೀಗಾಗಿ ಇದನ್ನು ಆರು ಸಾವಿರದ ಸಣ್ಣ ವಿಷಯವೆಂದು ಬಿಡಲು ನನ್ನಿಂದಾಗಲಿಲ್ಲ.

ಆಡಳಿತ ಬದಲಾಯಿತೆಂಬ ಮಾತನ್ನು ಮನೆಗೆ ಬಂದು ಪರೀಕ್ಷಿಸಿದೆ. 2022ರ ಇನ್‌ವಾಯ್ಸಿನಲ್ಲಿಯೂ ಈ ವರ್ಷದ ಬಿಲ್ಲಿನಲ್ಲಿಯೂ ಸಂಸ್ಥೆಯ ಹೆಸರು ಒಂದೇ, ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯೂ ಒಂದೇ. ಮ್ಯಾನೇಜರ್ ಬದಲಾದರೆ ಸಂಸ್ಥೆ ಬದಲಾದಂತಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹಳೆಯ ನಂಬರಿಗೆ ಫೋನ್ ಮಾಡಿದಾಗ, ಮೇಲಿನವರನ್ನು ಕೇಳಿಯೇ ಬರೆದುಕೊಟ್ಟಿದ್ದೆ ಎಂದು ಒಪ್ಪಿಕೊಂಡ. ಈಗ ಬೇರೆ ಊರಿನಲ್ಲಿ ದುಡಿಯುತ್ತಿರುವವನನ್ನು ಸಾಕ್ಷಿಗೆ ಎಳೆಯುವ ಮನಸ್ಸು ನನಗಿಲ್ಲ. ಸೀಲೊತ್ತಿದ ಕಾಗದ ಮತ್ತು ಸೊನ್ನೆಯ ಬಿಲ್ಲು ಸಾಕೆಂದು ನಂಬಿದ್ದೇನೆ. ಯೋಜನೆಯೇ ಇಲ್ಲದಿದ್ದರೆ ಕಳೆದ ವರ್ಷ ಆ ರಿಯಾಯಿತಿ ಯಾವ ಲೆಕ್ಕದಲ್ಲಿ ಕೊಟ್ಟರು ಎಂಬ ಪ್ರಶ್ನೆಗೆ ಅವರಲ್ಲಿ ಒಬ್ಬರೂ ಇದುವರೆಗೆ ಉತ್ತರಿಸಿಲ್ಲ.

ಕಂಪನಿಗೂ ಮಿಂಚಂಚೆ ಕಳಿಸಿದೆ. ಡೀಲರು ಸ್ವತಂತ್ರ ವ್ಯಾಪಾರಿ, ಅವರ ಸ್ವಂತ ಕೊಡುಗೆಗೂ ನಮಗೂ ಸಂಬಂಧವಿಲ್ಲ ಎಂಬ ಎರಡು ಸಾಲಿನ ಉತ್ತರ ಬಂತು. ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ತಮ್ಮ ಹೆಸರು ಹಾಕಿಸಿಕೊಂಡವರು ಹೀಗೆ ಹೇಳುವುದು ನನಗೆ ಸರಿಕಾಣುವುದಿಲ್ಲ. ಆದರೂ ಮಾತು ಕೊಟ್ಟವನು ಡೀಲರೇ ಆದ್ದರಿಂದ ಅವನನ್ನೇ ಮೊದಲ ಎದುರುದಾರನನ್ನಾಗಿ ಹೆಸರಿಸಲಿದ್ದೇನೆ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ದಾಖಲಿಸಿದ್ದೇನೆ. ಅವರು ದೂರನ್ನು ಸಂಸ್ಥೆಗೆ ಮುಟ್ಟಿಸಿ ರಾಜಿಗೆ ಪ್ರಯತ್ನಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ.

ಹಾಗಾಗಿ ಸ್ವೀಕೃತಿ ಸಹಿತ ಅಂಚೆಯಲ್ಲಿ ನೋಟಿಸ್ ಕಳಿಸಿದ್ದೇನೆ. ಕೇಳಿರುವುದು ಇಷ್ಟೇ: 6,480 ರೂಪಾಯಿ ಹಿಂದಿರುಗಿಸಬೇಕು ಮತ್ತು ಉಳಿದ ಸರ್ವಿಸ್‌ಗಳನ್ನು ಮಾತಿನಂತೆ ಮಾಡಿಕೊಡುವುದಾಗಿ ಬರೆದುಕೊಡಬೇಕು, ಆಗದಿದ್ದರೆ 2022ರಲ್ಲಿ ನಾನು ಬಿಟ್ಟುಕೊಟ್ಟ 18,000 ರೂಪಾಯಿಯಲ್ಲಿ ಈಗಾಗಲೇ ಮಾಡಿಕೊಟ್ಟ ಸರ್ವಿಸ್‌ನ ಪಾಲನ್ನು ಕಳೆದು, ಉಳಿದದ್ದನ್ನು ಬಡ್ಡಿ ಸಹಿತ ಕೊಡಬೇಕು. ಗಡುವು ಡಿಸೆಂಬರ್ 5.

ಅದು ಮೀರಿದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಮಾತಿನಂತೆ ಸೇವೆ ನೀಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆ ಎಂದೇ ಕರೆಯುತ್ತದೆ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷಕ್ಕಿಂತ ಮೇಲೆ, 10 ಲಕ್ಷದೊಳಗೆ ಇರುವುದರಿಂದ ಶುಲ್ಕ 200 ರೂಪಾಯಿ. ವಕೀಲರಿಲ್ಲದೆ ನಾವೇ ವಾದಿಸಬಹುದು. ಈ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು, ಅಂದರೆ ನಿನಗೆ ಹಾವೇರಿ, ನನಗೆ ಕಾರವಾರ. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗುವುದು ನನಗೆ ಧಾರವಾಡಕ್ಕಿಂತ ಹತ್ತಿರವೇನೂ ಅಲ್ಲ. ಆದರೆ ಅರ್ಜಿಯನ್ನು ಆನ್‌ಲೈನ್‌ನಲ್ಲಿಯೇ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೋರಬಹುದು.

ಈಗ ನಿನ್ನಿಂದ ಆಗಬೇಕಾದದ್ದು. ನಿನ್ನ ಕೊಟೇಶನ್ನಿನ ಹಿಂಬದಿಯಲ್ಲಿಯೂ ಅದೇ ಸಾಲನ್ನು ಬರೆಸಿಕೊಂಡದ್ದು ನನಗೆ ನೆನಪಿದೆ. ಒಂದೇ ತಿಂಗಳಲ್ಲಿ ಇಬ್ಬರಿಗೆ ಒಂದೇ ಮಾತನ್ನು ಬರೆದುಕೊಟ್ಟಿದ್ದಾರೆಂದು ತೋರಿಸಿದರೆ, ಯಾರೋ ಒಬ್ಬ ನೌಕರ ತನ್ನಷ್ಟಕ್ಕೆ ಬರೆದದ್ದು ಎಂಬ ಅವರ ವಾದ ನಿಲ್ಲುವುದಿಲ್ಲ. ಆ ಕಾಗದದ ಎರಡೂ ಬದಿಯ ಪ್ರತಿ, ಕಳೆದ ವರ್ಷದ ಸರ್ವಿಸ್ ಬಿಲ್ಲು, ಇನ್‌ವಾಯ್ಸ್, ಮೂರನ್ನೂ ಗಡುವಿನೊಳಗೆ ಕಳಿಸು. ಈ ವರ್ಷದ ಸರ್ವಿಸ್‌ಗೆ ನೀನಿನ್ನೂ ಹೋಗಿಲ್ಲವೆಂದೆ. ಹೋಗುವ ದಿನ ತಿಳಿಸಿದರೆ ನಾನೂ ಹುಬ್ಬಳ್ಳಿಗೆ ಬರುತ್ತೇನೆ. ಕೀಲಿ ಕೊಡುವ ಮೊದಲು ಜಾಬ್ ಕಾರ್ಡಿನಲ್ಲಿ "5 ವರ್ಷದ ಉಚಿತ ಸರ್ವಿಸ್ ಯೋಜನೆ" ಎಂದು ಬರೆಯಲು ಇಬ್ಬರೂ ಸೇರಿ ಕೇಳೋಣ. ಒಲ್ಲೆ ಎಂದರೆ ಒಲ್ಲೆ ಎಂಬುದನ್ನೇ ಬರೆದುಕೊಡಲಿ.

ಇಂತು ನಿನ್ನ ಗೆಳೆಯ