ಕಿವಿಯಿಂದ ತಿದ್ದಿದ ಎರಡು ಪುಸ್ತಕಗಳು

ಈ ವರ್ಷ ನನ್ನ ಎರಡು ಪುಸ್ತಕಗಳು ಹೊರಬಂದವು. ಒಂದು, 1898ರ ಪ್ಲೇಗಿನ ಕಾಲದ ಬೆಂಗಳೂರು ಪೇಟೆಯನ್ನು ಕುರಿತ ಕಾದಂಬರಿ. ಇನ್ನೊಂದು, ಈ ಊರು ಬೇರೆ ಬೇರೆ ಕಾಲದಲ್ಲಿ ಕಂಡ ಭಯಗಳನ್ನು ಹಿಡಿದು ಬರೆದ ಒಂಬತ್ತು ದೆವ್ವದ ಕಥೆಗಳ ಸಂಕಲನ. ಬಸವನಗುಡಿ, ಮಲ್ಲೇಶ್ವರ, ತುಮಕೂರು ಮತ್ತು ಮೈಸೂರುಗಳಲ್ಲಿ ಏರ್ಪಾಡಾಗಿದ್ದ ವಾಚನಗಳು ಕಳೆದ ಭಾನುವಾರಕ್ಕೆ ಮುಗಿದವು. ವಂದನಾರ್ಪಣೆಯ ಎರಡು ಮೂರು ನಿಮಿಷಗಳಲ್ಲಿ ಹೇಳಿ ಮುಗಿಸಲಾಗದ ಋಣಗಳು ನನ್ನ ಮೇಲಿವೆ. ಅವುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಋಣ ನನ್ನ ಅತ್ತಿಗೆಯವರದು. ಕಾದಂಬರಿಯ ಕರಡಚ್ಚು ಕೈಗೆ ಬಂದ ವಾರದಲ್ಲೇ ನನ್ನ ಬಲಗಣ್ಣಿನ ರೆಟಿನಾ ಕಳಚಿಕೊಂಡಿತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ರೆಟಿನಾವನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಲೆಂದು ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ತುಂಬಿ, ಆ ಗುಳ್ಳೆ ಸರಿಯಾದ ಕಡೆಗೆ ಏರಿ ನಿಲ್ಲಬೇಕಾದರೆ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕೆಂದು ಹೇಳಿ ಕಳಿಸಿದರು. ಎಡಗಣ್ಣು ಮೊದಲಿನಿಂದಲೂ ದುರ್ಬಲ. ಬಲಗಣ್ಣಿನ ದೃಷ್ಟಿ ಮರಳುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಆಗ ಯಾರಲ್ಲಿಯೂ ಖಚಿತವಾದ ಉತ್ತರವಿರಲಿಲ್ಲ. ಹದಿನೈದು ವರ್ಷಗಳಿಂದ ಭಯವನ್ನೇ ಬರೆಯುತ್ತ ಬಂದಿದ್ದ ನಾನು ಆ ದಿನಗಳಲ್ಲಿ ಹೆದರಿದಷ್ಟು ಎಂದೂ ಹೆದರಿರಲಿಲ್ಲ.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿರುವ ಅತ್ತಿಗೆಯವರು ಮೂರನೆಯ ದಿನ ಸಂಜೆ ಬಂದರು. ಸಾಂತ್ವನದ ಮಾತೊಂದನ್ನೂ ಆಡದೆ, "ಕರಡು ಎಲ್ಲಿದೆ, ಕೊಡಿ" ಎಂದು ಕೇಳಿ ತೆಗೆದುಕೊಂಡು, ನನ್ನ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೊದಲ ಪುಟದಿಂದ ಗಟ್ಟಿಯಾಗಿ ಓದಲಾರಂಭಿಸಿದರು. ಅಂದಿನಿಂದ ದಿನಕ್ಕೆ ಎರಡು ಗಂಟೆಯಂತೆ ಸುಮಾರು ಒಂದು ತಿಂಗಳ ಕಾಲ ಓದಿದರು. ಕಾದಂಬರಿ ಮುಗಿದ ಮೇಲೆ ಕಥೆಗಳನ್ನೂ ಓದಿದರು. ಅವರು ಸ್ವಭಾವತಃ ದೆವ್ವದ ಕಥೆಗಳನ್ನು ಇಷ್ಟಪಡುವವರಲ್ಲ ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು. ಕೆಲವು ಸಂಜೆ ಓದಿ ಮುಗಿಸಿದ ಮೇಲೆ ಒಬ್ಬರೇ ಮನೆಗೆ ಹೋಗಲಾರದೆ ಅಣ್ಣ ಬರುವವರೆಗೂ ಕಾಯುತ್ತಿದ್ದರು.

ಅವರ ಓದಿನಿಂದ ನನ್ನ ಬರವಣಿಗೆಯೇ ಬದಲಾಯಿತು. ಪ್ಲೇಗಿನ ಕಾಲದಲ್ಲಿ ನಮ್ಮ ಜನ "ಇಲಿ ಬಿತ್ತು" ಎನ್ನುತ್ತಿದ್ದರು. ಮನೆಯ ಅಟ್ಟದಿಂದಲೋ ಮಾಡಿನ ಸಂದಿಯಿಂದಲೋ ಸತ್ತ ಇಲಿ ನೆಲಕ್ಕೆ ಬಿದ್ದರೆ ಆ ಮನೆಯನ್ನು, ಕೆಲವೊಮ್ಮೆ ಆ ಬೀದಿಯನ್ನೇ ಬಿಟ್ಟು, ಊರಾಚೆಯ ಹೊಲ ತೋಟಗಳಲ್ಲಿ ಗುಡಿಸಲು ಹಾಕಿಕೊಳ್ಳಲು ಹೊರಡಬೇಕು ಎಂದು ಅದರ ಅರ್ಥ. ಕಾದಂಬರಿಯ ನಾಲ್ಕನೆಯ ಅಧ್ಯಾಯದಲ್ಲಿ, ತರಗುಪೇಟೆಯ ವರ್ತಕನ ಮನೆಯಲ್ಲಿ ಮೊದಲ ಇಲಿ ಬೀಳುವ ಸಂದರ್ಭವನ್ನು ನಾನು ಒಂದೂವರೆ ಪುಟ ವರ್ಣಿಸಿದ್ದೆ: ಇಲಿಯ ಮೈಬಣ್ಣ, ಬಾಯಿಯ ರಕ್ತ, ದೀಪದ ಬೆಳಕು, ಮನೆಯವರ ಮುಖಭಾವ. ಅತ್ತಿಗೆಯವರು ಅದನ್ನು ಓದುತ್ತಿದ್ದಾಗ ನನಗೆ ಏನೂ ಆಗಲಿಲ್ಲ. ಆದರೆ ಆ ವರ್ಣನೆಗೆ ಮುಂಚೆ ಬರುವ "ಅಟ್ಟದಿಂದ ಏನೋ ಬಿತ್ತು" ಎಂಬ ಚಿಕ್ಕ ವಾಕ್ಯವನ್ನು ಓದಿ ಅವರು ಉಸಿರು ತೆಗೆದುಕೊಳ್ಳಲು ನಿಂತ ಆ ಒಂದು ಗಳಿಗೆಯಲ್ಲಿ, ಮುಖ ದಿಂಬಿಗೆ ಒತ್ತಿ ಮಲಗಿದ್ದ ನನ್ನ ಬೆನ್ನ ಮೇಲೆ ತಣ್ಣನೆಯದೇನೋ ಹರಿಯಿತು. ಕಾಣದವನಿಗೆ ಸದ್ದೇ ಎಲ್ಲವೂ. ಒಂದೂವರೆ ಪುಟದ ವರ್ಣನೆಯನ್ನು ಪೂರ್ತಿ ತೆಗೆಸಿ, ಆ ವಾಕ್ಯವನ್ನೂ ಅದರ ನಂತರದ ಮೌನವನ್ನೂ ಉಳಿಸಿಕೊಂಡೆ. ಮಲ್ಲೇಶ್ವರದ ವಾಚನದಲ್ಲಿ ಅದೇ ಭಾಗವನ್ನು ಓದಿದಾಗ, ಮುಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ತಮಗರಿಯದೆಯೇ ತಲೆಯೆತ್ತಿ ಸಭಾಂಗಣದ ಛಾವಣಿಯನ್ನು ನೋಡಿದರು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇರೆ ಬರಬೇಕಾಗಿಲ್ಲ, ಮತ್ತು ಅದು ಅತ್ತಿಗೆಯವರಿಗೆ ಸಲ್ಲಬೇಕಾದದ್ದು.

ಎರಡನೆಯ ಋಣ ನನ್ನ ತಪ್ಪುಗಳನ್ನು ಹಿಡಿದವರದು. ಮೊದಲ ಕರಡಿನಲ್ಲಿ ನಾನು ದೊಡ್ಡಪೇಟೆಯ ತಿರುವಿನಲ್ಲಿ ವಿದ್ಯುದ್ದೀಪವೊಂದನ್ನು ನಿಲ್ಲಿಸಿ, ಅದು ಆರಿಹೋಗುವುದನ್ನೇ ಒಂದು ಭಯದ ಸನ್ನಿವೇಶವಾಗಿ ಬೆಳೆಸಿದ್ದೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ. ಇದನ್ನು ತೋರಿಸಿಕೊಟ್ಟ ನಿವೃತ್ತ ಎಂಜಿನಿಯರ್ ಸ್ನೇಹಿತರು, ಸೀಮೆಎಣ್ಣೆಯ ದೀಪ ಹೇಗೆ ಹೊಗೆ ಕಟ್ಟುತ್ತದೆ, ಬತ್ತಿ ಹೇಗೆ ಕರಕಲಾಗುತ್ತದೆ ಎಂಬುದನ್ನು ತಮ್ಮ ಮನೆಯ ಹಳೆಯ ಲಾಂದ್ರವೊಂದನ್ನು ಹೊತ್ತಿಸಿ ವಿವರಿಸಿದರು.

ಇದಕ್ಕಿಂತ ಗಂಭೀರವಾದ ತಪ್ಪು ವೈದ್ಯನ ಪಾತ್ರದಲ್ಲಿತ್ತು. ನನ್ನ ವೈದ್ಯ ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಪೇಟೆಯವರಿಗೆ ತಿಳಿಹೇಳುತ್ತಿದ್ದ. ವೈದ್ಯಶಾಸ್ತ್ರದ ಇತಿಹಾಸವನ್ನು ಬಲ್ಲ ಡಾಕ್ಟರೊಬ್ಬರು ಹಸ್ತಪ್ರತಿಯನ್ನು ಓದಿ ಇದು ಸಾಧ್ಯವಿಲ್ಲವೆಂದರು. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು, ಹಾಫ್ಕಿನ್ ಅವರ ಲಸಿಕೆ 1897ರಲ್ಲಿ ಮುಂಬಯಿಯಲ್ಲಿ ಸಿದ್ಧವಾಗಿತ್ತು. ಆದರೆ ಚಿಗಟದ ಪಾತ್ರವನ್ನು ಪೌಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗದಿಂದ ಕಂಡುಕೊಂಡದ್ದು 1898ರಲ್ಲೇ, ಮತ್ತು ವೈದ್ಯಲೋಕ ಅದನ್ನು ಒಪ್ಪಿಕೊಳ್ಳಲು ಮುಂದೆ ಹಲವು ವರ್ಷಗಳು ಹಿಡಿದವು. ಆದ್ದರಿಂದ ನನ್ನ ವೈದ್ಯನಿಗೆ ಏನೂ ಗೊತ್ತಿರಬಾರದಿತ್ತು. ಗೊತ್ತಿಲ್ಲದ ವೈದ್ಯನನ್ನು ಬರೆಯತೊಡಗಿದ ಮೇಲೆಯೇ ಕಾದಂಬರಿಗೆ ಅದರ ನಿಜವಾದ ಭಯ ದಕ್ಕಿತು: ರೋಗಿಯನ್ನು ಮುಟ್ಟಿದ ತನ್ನ ಕೈಯನ್ನೂ, ಉಟ್ಟ ಬಟ್ಟೆಯನ್ನೂ, ಕುಡಿಯುವ ನೀರನ್ನೂ ಅನುಮಾನದಿಂದ ನೋಡುವ ಆತನ ಕಾಲ ಬುಡದಲ್ಲಿ ಚಿಗಟ ಹಾರುತ್ತಿರುತ್ತದೆ, ಅವನು ಅದನ್ನು ಕೊಡವಿಕೊಂಡು ಮುಂದಿನ ಮನೆಗೆ ನಡೆಯುತ್ತಾನೆ.

ಹಸ್ತಪ್ರತಿಯನ್ನು ಒಂದು ವರ್ಷಕ್ಕೂ ಮೇಲೆ ಇಟ್ಟುಕೊಂಡಿದ್ದ ಪ್ರಕಾಶಕರೊಬ್ಬರು, ದೆವ್ವದ ಕಾದಂಬರಿಗೆ ಇಷ್ಟೊಂದು ಇತಿಹಾಸ ಭಾರವಾಗುತ್ತದೆ, ಓದುಗರು ಇದನ್ನು ಬಯಸುವುದಿಲ್ಲ ಎಂದು ಹಿಂತಿರುಗಿಸಿದ್ದರು. ಅವರ ಅಭಿಪ್ರಾಯವನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮನೆಮನೆ ತಪಾಸಣೆಗೆ ಬರುವವರ ಕಣ್ಣು ತಪ್ಪಿಸಲು ಜ್ವರ ಬಂದ ಮಗುವನ್ನು ದವಸದ ಕೋಣೆಯಲ್ಲಿ ಅಡಗಿಸಿಟ್ಟ ತಾಯಿಯ ಮುಂದೆ ಯಾವ ಪಿಶಾಚಿಯನ್ನು ತಂದು ನಿಲ್ಲಿಸಿದರೂ ಅದು ಸಣ್ಣದಾಗಿಯೇ ಕಾಣುತ್ತದೆ. ಇದನ್ನು ವಿವರಿಸದೆಯೇ ಅರ್ಥಮಾಡಿಕೊಂಡ ಈಗಿನ ಪ್ರಕಾಶಕ ದಂಪತಿಗಳಿಗೆ, ನನ್ನ ಕಣ್ಣಿನ ಕಾರಣಕ್ಕಾಗಿ ಬಿಡುಗಡೆಯನ್ನು ಎರಡು ಸಲ ಮುಂದೂಡಿ ಒಮ್ಮೆಯೂ ಬೇಸರಿಸದ ಅವರ ಸಹನೆಗೆ, ನಾನು ಎಷ್ಟು ಕೃತಜ್ಞನಾಗಿದ್ದರೂ ಕಡಿಮೆಯೇ.

ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯದ ಸಿಬ್ಬಂದಿಯನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಪ್ಲೇಗ್ ಬಂದಾಗ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾದ ಆ ಕೆಂಪು ಕಟ್ಟಡದಲ್ಲಿ ಕುಳಿತು ಅವರ ಕಾಲದ ಸಂಗತಿಗಳನ್ನು ಓದುವುದೆಂದರೆ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುವ ಅನುಭವ. ಮೂರು ವರ್ಷ ನನ್ನನ್ನು ಸಹಿಸಿಕೊಂಡವರು ಅವರು.

ಕಥಾಸಂಕಲನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಓದುಗರ ಕೈಗೆ ಸೇರಿ ಇನ್ನೂ ಒಂದು ತಿಂಗಳಾಗಿಲ್ಲ. "ಬೆಂಗಳೂರ ಕಾಳಗ"ವನ್ನು ನೆನೆಯುವ, ಸುಮಾರು 890ರ ಕಾಲದ ಬೇಗೂರಿನ ವೀರಗಲ್ಲು ಒಂದು ಕಥೆಗೆ ಮೂಲ. ಕೋಟೆಯ ಬಾಗಿಲು ನಿಲ್ಲಲೆಂದು ಪ್ರಾಣ ಕೊಟ್ಟಳೆಂದು ಜನ ನಂಬಿ ಹೇಳುತ್ತ ಬಂದಿರುವ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಐತಿಹ್ಯ ಇನ್ನೊಂದಕ್ಕೆ. ಕೊನೆಯ ಕಥೆ 1990ರ ದಶಕದ್ದು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವವನ್ನು ಹಿಂದಕ್ಕೆ ಕಳಿಸಲು ಬಾಗಿಲಿನ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದ ದಿನಗಳದ್ದು. ನಮ್ಮ ಮನೆಯ ಬಾಗಿಲ ಮೇಲೆ ಆ ಎರಡು ಪದಗಳನ್ನು ಸೀಮೆಸುಣ್ಣದಿಂದ ಬರೆದವನು ನಾನೇ. ಬಸವನಗುಡಿಯ ವಾಚನದ ಕೊನೆಯಲ್ಲಿ, ತಾವು ಯಾವ ಬಣ್ಣದಲ್ಲಿ ಬರೆದಿದ್ದೆವು, ಯಾರ ದನಿ ಕೇಳಿದಂತಾಗಿತ್ತು ಎಂದು ಒಬ್ಬೊಬ್ಬರಾಗಿ ಎದ್ದು ನಿಂತು ಹೇಳತೊಡಗಿದಾಗ, ಅದು ನನ್ನ ಕಾರ್ಯಕ್ರಮವಾಗಿ ಉಳಿಯದೆ ಸಭೆಯ ಕಾರ್ಯಕ್ರಮವಾಯಿತು. ಹಾಗೆ ಎದ್ದು ನಿಂತ ಪ್ರತಿಯೊಬ್ಬರಿಗೂ ನಮಸ್ಕಾರಗಳು.

ತುಮಕೂರಿನಲ್ಲಿ ಒಬ್ಬ ಹಿರಿಯರು ನನ್ನ ಕೈ ಹಿಡಿದುಕೊಂಡು, ತಮ್ಮ ಅಜ್ಜಿ ಹುಟ್ಟಿದ್ದು ಪ್ಲೇಗಿನ ಗುಡಿಸಲಿನಲ್ಲಿ ಎಂದರು. ಆ ಅಜ್ಜಿ ಬದುಕಿರುವವರೆಗೂ ಅಟ್ಟದ ಕೆಳಗೆ ಮಲಗುತ್ತಿರಲಿಲ್ಲವಂತೆ. ಇದು ಮೊದಲೇ ತಿಳಿದಿದ್ದರೆ ಕಾದಂಬರಿಯಲ್ಲಿ ಸೇರಿಸುತ್ತಿದ್ದೆನಲ್ಲ ಎಂದು ಆ ಕ್ಷಣ ಮನಸ್ಸು ಮಿಡುಕಿತು.

ಕಣ್ಣು ಈಗ ಬಹುಮಟ್ಟಿಗೆ ಸುಧಾರಿಸಿದೆ. ದೊಡ್ಡ ಅಕ್ಷರಗಳನ್ನು ಓದಬಲ್ಲೆ, ವಾಚನಗಳಿಗೆಂದು ಪುಟಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಟ್ಟವರು ಪ್ರಕಾಶಕರೇ. ಕಾದಂಬರಿಯ ಎರಡನೆಯ ಮುದ್ರಣ ಮುಂದಿನ ತಿಂಗಳು ಬರಲಿದೆ. ಓದುಗರು ಕಾಗದ ಬರೆದು ತಿಳಿಸಿದ ಮೂರು ತಪ್ಪುಗಳನ್ನು, ಅವುಗಳಲ್ಲಿ ಅಕ್ಕಿಪೇಟೆ ಮತ್ತು ಬಳೇಪೇಟೆಗಳನ್ನು ಅದಲುಬದಲು ಮಾಡಿದ್ದ ಒಂದು ವಾಕ್ಯವನ್ನೂ ಸೇರಿಸಿ, ಅದರಲ್ಲಿ ಸರಿಪಡಿಸಿದ್ದೇವೆ. ಆ ಮೂವರಿಗೂ ಹೊಸ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಲಾಗುವುದು. ಆ ಮುದ್ರಣದ ಕರಡನ್ನು ನನ್ನ ಕಣ್ಣಿಂದಲೇ ನೋಡಬಹುದಾಗಿತ್ತು. ಆದರೂ ಅತ್ತಿಗೆಯವರನ್ನು ಕೇಳಿಕೊಂಡೆ, ಅವರು ನಿನ್ನೆ ಸಂಜೆಯಿಂದ ಓದಲು ಬರುತ್ತಿದ್ದಾರೆ.